ಹತ್ತು ಲಕ್ಷ ಮಿಲಿಗ್ರಾಂ ತುಪ್ಪ

ದಾನದಲ್ಲಿ ನನ್ನನ್ನು ಮೀರಿಸುವವನು ಈ ಭೂಮಂಡಲದಲ್ಲೇ ಹುಟ್ಟಿಲ್ಲ. ಕಲ್ಪವೃಕ್ಷ ಕೂಡ ನನ್ನನ್ನು ಕಂಡರೆ ತಲೆ ತಗ್ಗಿಸಬೇಕು. ನಮ್ಮ ಬಡಾವಣೆಯ ಗಣಪತಿ ಸಂತರ್ಪಣೆಗೆ ಎಲ್ಲರೂ ಐದು ಕಿಲೋ ತುಪ್ಪ, ಹತ್ತು ಕಿಲೋ ತುಪ್ಪ ಎಂದು ಹೇಳುತ್ತಿದ್ದಾಗ ನಾನು ಮೈಕ್ ಕಸಿದುಕೊಂಡು ಗುಡುಗಿದೆ.

“ನನ್ನದು ಹತ್ತು ಲಕ್ಷ ಮಿಲಿಗ್ರಾಂ!”

ಮನೆಯಲ್ಲಿದ್ದದ್ದು ಒಂದು ಕಿಲೋ ಡಬ್ಬಿ. ಅದನ್ನು ಮಿಲಿಗ್ರಾಂಗೆ ಇಳಿಸಿದರೆ ಸರಿಯಾಗಿ ಅಷ್ಟೇ ಆಗುತ್ತದೆ, ಎಳ್ಳಷ್ಟೂ ಸುಳ್ಳಿಲ್ಲ. ಚಪ್ಪಾಳೆಯ ರಭಸಕ್ಕೆ ಶಾಮಿಯಾನ ಹಾರಿಹೋಗುವುದೊಂದು ಬಾಕಿ.

“ಏನ್ರೀ ಇದು? ನಾಳೆ ಮರ್ಯಾದೆ ಹೋದ್ರೆ?” ಹೆಂಡತಿ ಪಿಸುಗುಟ್ಟಿದಳು.

“ಎಲ್ಲರ ತುಪ್ಪದ ಜೊತೆ ಹಂಡೆಗೆ ಸುರಿದ ಮೇಲೆ ನಮ್ಮದು ಎಷ್ಟು ಅಂತ ಆ ಗಣಪನಿಗೂ ಗೊತ್ತಾಗಲ್ಲ, ಸುಮ್ನಿರೇ.”

ಮರುದಿನ ಡಬ್ಬಿ ಹಿಡಿದು ಹೋದರೆ ಸಮಿತಿಯ ಅಧ್ಯಕ್ಷ ನಂಜುಂಡಾರಾಧ್ಯರು ಓಡಿಬಂದು ನನ್ನ ಕೊರಳಿಗೆ ಹಾರ ಹಾಕಿದರು.

“ಬನ್ನಿ ಸಾರ್, ನಿಮಗೇ ಕಾಯ್ತಿದ್ವಿ. ನಿಮ್ಮದೇ ಹತ್ತು ಲಕ್ಷ ಇರುವಾಗ ಬೇರೆಯವರ ತುಪ್ಪ ಯಾಕೆ ಅಂತ ಎಲ್ಲರಿಗೂ ಬೇಡ ಅಂದ್ಬಿಟ್ಟೆ. ಸಾವಿರ ಎಲೆ ಹಾಕಿದೆ. ಹೋಳಿಗೆ ಮೇಲೆ ನಿಮ್ಮ ಕೈಯಿಂದಲೇ ತುಪ್ಪ ಬೀಳ್ಬೇಕು!”

ಅವರು ಸೌಟು ಚಾಚಿದರು. ಲೆಕ್ಕದಲ್ಲಿ ನಾನು ಮಿಂಚು. ಎಲೆಗೊಂದು ಗ್ರಾಂ ಎಂದು ಅಷ್ಟರಲ್ಲಾಗಲೇ ಭಾಗಿಸಿಯಾಗಿತ್ತು. ಎದೆ ಉಬ್ಬಿಸಿಕೊಂಡು ಪುರೋಹಿತರ ಕಡೆ ತಿರುಗಿದೆ.

“ಸೌಟಲ್ಲಿ ಯಾರು ಬೇಕಾದ್ರೂ ಬಡಿಸ್ತಾರೆ. ಭಟ್ರೇ, ನನಗೊಂದು ದರ್ಭೆ ಕಡ್ಡಿ ಕೊಡಿ!”