ಅರ್ಧ ಹೊಟ್ಟೆಯ ಬ್ಯಾಟರಿ

ಕಾಳಮ್ಮ ಉಪ್ಪಿನಕಾಯಿ ಭರಣಿಗಳ ಪಕ್ಕದಿಂದ ತಂದ ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ಗಂಡನ ಡ್ರಿಲ್‌ನ ಎರಡು ಹೆಚ್ಚುವರಿ ಬ್ಯಾಟರಿಗಳಿದ್ದವು. ಡ್ರಿಲ್ ಕೊಳ್ಳಲು ಅಮರಗೋಳದಿಂದ ಬಂದಿದ್ದ ದೇವೇಂದ್ರ ಮುಖ ಸಣ್ಣದು ಮಾಡಿದ. "ಎಂಟ ತಿಂಗಳ ಸುಮ್ನ ಬಿದ್ದಾವಂದ್ರ ಇವು ಸತ್ತಿರ್ತಾವ್ರಿ, ಅಣ್ಣಾರ."

ಮೌನೇಶ ಬಡಿಗೇರನಿಗೂ ಹಾಗೇ ಅನ್ನಿಸಿತ್ತು. ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡ ಮೇಲೆ ಅವನು ಬಡಿಗತನದ ಹತಾರಗಳ ಕಡೆ ತಿರುಗಿ ನೋಡಿರಲಿಲ್ಲ. ಎಲುಬು ಕೂಡಿತ್ತು, ಅಂಜಿಕೆ ಹೋಗಿರಲಿಲ್ಲ. ಗಿರಾಕಿಯ ಸಮಾಧಾನಕ್ಕೆಂದು ಒಂದು ಬ್ಯಾಟರಿಯ ಗುಂಡಿ ಒತ್ತಿದ. ನಾಲ್ಕರಲ್ಲಿ ಎರಡು ದೀಪ ಹೊತ್ತಿದವು. ಇನ್ನೊಂದರಲ್ಲೂ ಸರಿಯಾಗಿ ಎರಡೇ.

ಅವನು ಹೆಂಡತಿಯ ಮುಖ ನೋಡಿದ.

"ಅಮಾಸಿಗೊಮ್ಮೆ ತಗದು ನೋಡ್ತೇನ್ರಿ," ಅಂದಳು ಕಾಳಮ್ಮ. "ಒಂದ ದೀಪಕ್ಕ ಇಳದಿದ್ರ ಚಾರ್ಜಿಗೆ ಹಚ್ಚಿ, ಎರಡಾದ ಕೂಡ್ಲೆ ತಗದಿಡ್ತೇನಿ. ಎತ್ತಿಡೂ ಬ್ಯಾಟರಿ ಅರ್ಧ ಹೊಟ್ಟಿ ಇರಬೇಕು, ಕೆಲಸಕ್ಕ ಹೋಗೂದಿದ್ರ ಅಷ್ಟ ಪೂರ್ತಿ ತುಂಬಸಬೇಕಂತ ನೀವ ಹೇಳ್ತಿದ್ರಲ್ಲ."

ಅಮವಾಸ್ಯೆಗೆ ಕೆಲಸ ಬಿಟ್ಟು ಹತಾರಗಳನ್ನು ಒರೆಸಿಡುವುದು ಮೌನೇಶನ ಮನೆತನದ ರೂಢಿ. ಎಂಟು ಅಮವಾಸ್ಯೆಗಳನ್ನು ಅವನೇ ಮರೆತಿದ್ದ.

"ಹಂಗಾರ ಛಲೋ ಅದಾವ ಬಿಡ್ರಿ," ಎನ್ನುತ್ತ ದೇವೇಂದ್ರ ಕೈ ಚಾಚಿದ. ಮೌನೇಶ ಕೊಡಲಿಲ್ಲ. ಬಲಗೈಯಲ್ಲೇ ಬ್ಯಾಟರಿಯನ್ನು ಹಿಡಿದುಕೊಂಡು ಹೋಗಿ ಗೋಡೆಯ ಚಾರ್ಜರಿಗೆ ಸಿಕ್ಕಿಸಿದ. ಬ್ಯಾಟರಿ ಕಟಕ್ಕೆಂದು ಕೂತಿತು.

"ಎರಡ ದೀಪ ಅದಾವಲ್ರೀ, ಮತ್ಯಾಕ ಹಚ್ಚಿದ್ರಿ?" ಅಂದಳು ಕಾಳಮ್ಮ.

"ಇವತ್ತ ಹೊಟ್ಟಿ ತುಂಬ ಉಣ್ಲಿ," ಅಂದ ಮೌನೇಶ.