ಮೂರನೇ ಚಿತ್ರ

"ಒಂಬತ್ತು ಬೆರಳಿವೆಯಲ್ಲ ನಿನಗೆ? ಐದು ಹಾಳೆ ಎಣಿಸೋಕೂ ಆಗ್ಲಿಲ್ವೇನೋ, ದಂಡಪಿಂಡ!"

ಮಾವನ ಕೂಗಿಗೆ ಪೇಟೆಂಟ್ ಕಚೇರಿಯ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ಅಳಿಯನ ಕೆನ್ನೆ ಉರಿಯಿತು. ಮುಷ್ಟಿ ಬಿಗಿದರೆ ಅಲ್ಲೂ ಒಂದು ಬೆರಳು ಕಡಿಮೆ.

ಅದು ಹೋದದ್ದು ಈ ಸೋದರಮಾವನ ವರ್ಕ್‌ಶಾಪಿನ, ತಗಡು ಒತ್ತುವ ಪ್ರೆಸ್ಸಿನಲ್ಲೇ. ಆಮೇಲೆ ಎರಡು ವರ್ಷ ತಲೆ ಕೆಡಿಸಿಕೊಂಡು, ಎರಡೂ ಕೈ ಹಿಡಿಕೆಯ ಮೇಲಿಲ್ಲದಿದ್ದರೆ ಪ್ರೆಸ್ಸು ಕೆಳಗಿಳಿಯದಂಥ ಕೊಂಡಿಯೊಂದನ್ನು ಅವನು ಮಾಡಿದ. ಅರ್ಜಿಯಲ್ಲಿ ಕಂಡುಹಿಡಿದವರ ಹೆಸರು ಮಾತ್ರ ಮಾವನದು.

"ಏಳನೇ ಕ್ಲಾಸಿನವನ ಹೆಸರು ಹಾಕಿದ್ರೆ ನಗ್ತಾರೆ ಕಣೋ," ಎಂದಿದ್ದ ಮಾವ.

ಚಿತ್ರ ಬರೆಯುವುದು, ಲಕೋಟೆಗೆ ತುಂಬಿ ಅಂಟಿಸುವುದು, ಕಚೇರಿಯಿಂದ ಬಂದ ನೋಟಿಸಿನ ಸಣ್ಣ ಅಕ್ಷರ ಓದುವುದು, ಎಲ್ಲ ಅಳಿಯನ ಪಾಲು. ಸಹಿ ಮಾವನ ಪಾಲು.

ಮೇಜಿನಾಚೆಯ ಅಧಿಕಾರಿಣಿ ಕನ್ನಡಕ ಸರಿಪಡಿಸಿಕೊಂಡರು. "ನೋಡಿ ಸರ್, ಮೂರು ವಾರದ ಹಿಂದೆ ನೀವು ಕಳಿಸಿದ ಅರ್ಜಿ ಜೊತೆ ಮೂರನೇ ಚಿತ್ರ ಬಂದಿಲ್ಲ. ಅದರ ಪ್ರಸ್ತಾಪಾನೇ ಅರ್ಜಿಯಿಂದ ತೆಗೆಸಿದ್ರೆ ನಿಮ್ಮ ಹಳೇ ತಾರೀಖು ಉಳಿಯತ್ತೆ. ಈಗ ಕೊಟ್ರೆ ಇಡೀ ಅರ್ಜಿಗೆ ಇವತ್ತಿನ ತಾರೀಖು."

"ಕೊಂಡಿಯ ಜೀವ ಇರೋದೇ ಮೂರನೇದ್ರಲ್ಲಿ. ಅದನ್ನ ತೆಗೆದ್ರೆ ಉಳಿಯೋದೇನು, ಮಣ್ಣು?"

"ಈ ನಡುವೆ ಬೇರೆ ಯಾರಾದ್ರೂ ಇದನ್ನೇ ಕೊಟ್ಟಿದ್ರೆ ಅವರೇ ಮೊದಲಿನವರಾಗ್ತಾರೆ."

ಮಾವ ಗಹಗಹಿಸಿದ. "ಅದು ನನ್ನ ನಾಲ್ಕು ಗೋಡೆ ದಾಟಿಲ್ಲ ಮೇಡಂ. ಮೂರು ವಾರ ಹಿಂದೆಮುಂದೆ ಆದ್ರೆ ಏನು ಮಹಾ! ಲೇ, ಹೋಗಿ ಬರ್ಕೊಂಡು ಬಾ."

ಅಳಿಯ ಚೀಲಕ್ಕೆ ಕೈ ಹಾಕಿದ. ಮೂರನೇ ಚಿತ್ರ ಹೊರಬಂತು. ಒಂದು ಮಡಿಕೆಯೂ ಇರಲಿಲ್ಲ.

"ಹೊತ್ಕೊಂಡೇ ಓಡಾಡ್ತಿದ್ದೀಯಲ್ಲೋ, ಕೋಣ!"

ಮಾವ ಸಹಿ ಹಾಕಿದ. ಮೊಹರು ಬಿತ್ತು. ಇವತ್ತಿನ ತಾರೀಖು. ಶಾಯಿ ಆರುವವರೆಗೂ ಅಳಿಯ ಅದನ್ನೇ ನೋಡುತ್ತ ನಿಂತ. ಆಮೇಲೆ ಬಾಗಿಲ ಕಡೆ ಹೊರಟ.

"ರೀ, ನಿಲ್ಲಿ!" ಪಕ್ಕದ ಕಿಟಕಿಯ ಗುಮಾಸ್ತ ಕೂಗಿದ. "ಹೋದ ಗುರುವಾರ ನಿಮ್ಮ ಹೆಸರಲ್ಲಿ ಒಂದು ಅರ್ಜಿ ಕೊಟ್ರಲ್ಲ, ಪ್ರೆಸ್ಸಿನ ಕೊಂಡೀದು? ರಸೀದಿ ಇಲ್ಲೇ ಬಿಟ್ಟು ಹೋಗಿದ್ರಿ. ತಗೊಳ್ಳಿ, ಐದೂ ಚಿತ್ರ ಸರಿಯಾಗಿವೆ."

"ಯಾವ ಅರ್ಜಿನೋ?" ಮಾವನ ದನಿ ಪಾತಾಳಕ್ಕಿಳಿದಿತ್ತು.

ಅಳಿಯ ಒಂಬತ್ತು ಬೆರಳುಗಳಲ್ಲಿ ರಸೀದಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದ.