ಮೂಗಿಗೆ ಅಂಕವಿಲ್ಲ

ಕಾಲೇಜಿನ ಹಳೆಯ ಪ್ರಯೋಗಾಲಯದಲ್ಲಿ, ಕಿಟಕಿಯ ಇಳಿಬೆಳಕಿನಲ್ಲಿ ಅಮೋನಿಯಾದ ಕಂದು ಬಾಟಲಿ ನಿಂತಿತ್ತು. ಸವೆದ ಚೀಟಿ, ಗಾಜಿನ ಬಿರಡೆ, ಕೊರಳ ಸುತ್ತ ಕಟ್ಟಿಕೊಂಡ ಬಿಳಿಯ ಪುಡಿ. ಪಕ್ಕದಲ್ಲೇ ವಿದ್ಯಾರ್ಥಿನಿಯ ಪ್ರಾಯೋಗಿಕ ಪ್ರಮಾಣಪತ್ರ ಮೇಷ್ಟರ ಸಹಿಗೆ ಕಾದಿತ್ತು. ಹೊಸ ನೀತಿಯಂತೆ ಎಲ್ಲ ಪ್ರಯೋಗಗಳನ್ನೂ ಕಂಪ್ಯೂಟರಿನ ಪರದೆಯ ಮೇಲೆಯೇ ಮಾಡಿ ಆಕೆ ನೂರಕ್ಕೆ ನೂರು ಪಡೆದಿದ್ದಳು. ಸಹಿಯೊಂದಾದರೆ ಸೋಮವಾರದಿಂದ ಶಾಲೆಯಲ್ಲಿ ರಸಾಯನಶಾಸ್ತ್ರದ ಟೀಚರು.

“ಇದೇನು, ಹೇಳಮ್ಮ,” ಎಂದು ಮೇಷ್ಟರು ದಣಿದ ದನಿಯಲ್ಲಿ ಕೇಳಿ, ಚೀಟಿಯನ್ನು ತಮ್ಮ ಕಡೆ ತಿರುಗಿಸಿ ಬಿರಡೆ ತೆಗೆದರು. ಆಕೆ ಬಾಗಿ ಬಾಟಲಿಯ ಬಾಯಿಗೇ ಮೂಗೊಡ್ಡಿದಳು. ಅವರು ಥಟ್ಟನೆ ಅಂಗೈ ಅಡ್ಡ ಹಿಡಿದರೂ ಘಾಟಿಗೆ ಅವಳ ಕಣ್ಣು ತುಂಬಿ ಬಂತು.

“ಸ್ಕ್ರೀನಲ್ಲಿ ಘಾಟು ವಾಸನೆ ಅಂತ ಬರೆದಿರುತ್ತೆ, ಅಷ್ಟೇ ಸರ್.”

“ಹೊಸ ಸಿಲಬಸ್ಸಲ್ಲಿ ಮೂಗಿಗೆ ಮಾರ್ಕ್ಸ್ ಇಲ್ಲ, ಬಿಡು. ಆದ್ರೆ ನಿನ್ನ ಮಕ್ಕಳು ಮೂಗು ಇಟ್ಕೊಂಡೇ ಕ್ಲಾಸಿಗೆ ಬರ್ತಾರಲ್ಲ.” ಬಾಟಲಿಯನ್ನು ದೂರ ಹಿಡಿದು, ಇನ್ನೊಂದು ಕೈಯಿಂದ ಗಾಳಿಯನ್ನು ಮೆಲ್ಲನೆ ಮೂಗಿನತ್ತ ಬೀಸಿಕೊಂಡು ತೋರಿಸಿದರು. ಆಕೆಯೂ ಹಾಗೆಯೇ ಬೀಸಿಕೊಂಡಳು. ನಿಟ್ಟುಸಿರಿಟ್ಟು ಅವರು ಸಹಿಗೆಂದು ಪೆನ್ನು ತೆರೆದಾಗ, ಆಕೆ ಹಾಳೆಯನ್ನು ಹಿಂದಕ್ಕೆಳೆದುಕೊಂಡಳು.

“ಈಗ ಬೇಡ ಸರ್. ನಾಳೆ ಬರ್ತೀನಿ. ಉಳಿದ ಬಾಟಲಿಗಳನ್ನೂ ತೋರಿಸಿಕೊಡಿ.”

ನಾಳೆ ಬೆಳಿಗ್ಗೆಯೇ ಪ್ರಯೋಗಾಲಯವನ್ನು ಖಾಲಿಮಾಡುವ ಗಾಡಿ ಬರುತ್ತದೆಂದು ಹೇಳಲು ಅವರು ಬಾಯಿ ತೆರೆಯುವಷ್ಟರಲ್ಲಿ, ಆಕೆಯ ಹಿಂದೆ ಬಾಗಿಲು ಮುಚ್ಚಿಕೊಂಡಿತು.